ದೋಷ ಸೊನ್ನೆ ಎಂದು ತೋರಿಸಿದ ವರ್ಷ

ಹೋದ ವಾರ ಗುಬ್ಬಿಯಲ್ಲಿ, ಈಗ ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ, ಹಳೆಯ ಪುಸ್ತಕಗಳಿಗೆ ಹೊಸ ಚೀಟಿ ಅಂಟಿಸಬೇಕಿತ್ತು. ಅಂಗಡಿಯಿಂದ ತಂದ ಗೋಂದು ಮುಗಿದುಹೋಗಿತ್ತು. ನಮ್ಮ ಅಟೆಂಡರ್ ಹೆಂಗಸು ಸ್ಟವ್ ಮೇಲೆ ಮೈದಾ ಕದಡಿ, ಹುಳ ಬೀಳದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿ, ಅಂಟು ಕಾಯಿಸಿದಳು. ಆ ಬಿಸಿ ಅಂಟಿನ ವಾಸನೆಗೆ ಕುಣಿಗಲ್ಲಿನ ನನ್ನ ಕೊನೆಯ ವರ್ಷ ನೆನಪಾಯಿತು. ನೆನಪಾಯಿತು ಅನ್ನುವುದೂ ಪೂರ್ತಿ ಸರಿಯಲ್ಲ. ಆ ವರ್ಷದ ಮುಕ್ಕಾಲು ಪಾಲು ನನಗೆ ನೆನಪೇ ಇಲ್ಲ. ಬಸ್ಸು ಹತ್ತಿದ್ದು, ಇಳಿದದ್ದು, ಬಾಗಿಲ ಬೀಗ ತೆಗೆದದ್ದು, ಹಾಕಿದ್ದು ಇಷ್ಟೇ ಇವೆ. ಉಳಿದ ಕಾಲು ಭಾಗ ಮಾತ್ರ ಬೇಡವೆಂದರೂ ಹೋಗುವುದಿಲ್ಲ.

ಆ ವರ್ಷದ ಜನವರಿಯಲ್ಲಿ ನನ್ನ ಯಜಮಾನರು ತೀರಿಕೊಂಡರು. ಬೆಳಿಗ್ಗೆ ಎದೆ ಉರಿ ಅಂದರು, ಸೋಡಾ ತರಿಸಿ ಕುಡಿದರು, ಹತ್ತು ಗಂಟೆಯ ಹೊತ್ತಿಗೆ ಇರಲಿಲ್ಲ. ನಮಗೆ ಮಕ್ಕಳಿಲ್ಲ. ಕೋರದಿಂದ ನಾದಿನಿ ಬಂದು ನನ್ನ ಜೊತೆ ಇದ್ದಳು. "ಅತ್ತಿಗೆ, ಒಂದ್ಸಲ ಬಾಯ್ಬಿಟ್ಟು ಅತ್ತುಬುಡಿ, ಹಗುರಾಯ್ತದೆ" ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು. ಅಳು ಬರಲಿಲ್ಲ. ಬರದಿದ್ದಕ್ಕೆ ಬೇಜಾರೂ ಆಗಲಿಲ್ಲ. ಶಿವಗಣಾರಾಧನೆ ಮುಗಿದ ಮೂರನೆಯ ದಿನಕ್ಕೆ ತುಮಕೂರಿನ ಮನೆಗೆ ಬೀಗ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ಅಷ್ಟು ಬೇಗ ಕೆಲಸಕ್ಕೆ ಹೊರಟೆನೆಂದು ನೆಂಟರು ಆಡಿಕೊಂಡರಂತೆ. ಆಡಿಕೊಳ್ಳಲಿ ಬಿಡಿ, ಅವರಿಗೂ ಹೊತ್ತು ಹೋಗಬೇಕಲ್ಲ.

ಕುಣಿಗಲ್ಲಿನ ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಗ್ರಂಥಾಲಯ ಮಹಡಿಯ ಮೇಲಿತ್ತು. ಒಂದು ಕಡೆಯ ಕಿಟಕಿಯಿಂದ ದೂರಕ್ಕೆ ಕೆರೆ ಏರಿ ಕಾಣುತ್ತಿತ್ತು. ನಾನು, ಅಟೆಂಡರ್ ಕೆಂಪಯ್ಯ, ಎಂಟು ಸಾವಿರ ಪುಸ್ತಕ, ಎರಡು ಕಂಪ್ಯೂಟರ್. ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದ ಕೆಂಪಯ್ಯ ಮಾತಿನ ಮನುಷ್ಯ. ನಾನು ವಾಪಸು ಬಂದ ದಿನ ಮಾತ್ರ ಏನೂ ಮಾತಾಡದೆ ನನ್ನ ಮೇಜಿನ ಧೂಳು ಒರೆಸಿದ, ಕುಡಿಯುವ ನೀರು ಇಟ್ಟ, ಆಮೇಲೆ "ಅಂಟು ಕಾಯ್ಸ್ಲಾ ಮೇಡಮ್ಮಾರೆ? ಬಾಳ ಬುಕ್ಕು ಬೆನ್ನು ಕಿತ್ಕೊಂಡವೆ" ಎಂದು ಕೇಳಿದ. ಕಾಯಿಸು ಅಂದೆ. ಫೆಬ್ರವರಿ ಪೂರ್ತಿ ನಾವಿಬ್ಬರೂ ಪುಸ್ತಕಗಳಿಗೆ ಬೆನ್ನು ಅಂಟಿಸಿದೆವು.

ಬೇಸಿಗೆಯಲ್ಲಿ ಪ್ರಿನ್ಸಿಪಾಲರು ಕರೆಸಿದರು. ಡಿಸೆಂಬರಿನೊಳಗೆ ಕಾಲೇಜನ್ನು ನೋಡಿ ಗ್ರೇಡ್ ಕೊಡಲು ಸಮಿತಿ ಬರುವುದಿತ್ತು. ಗ್ರಂಥಾಲಯಕ್ಕೆ ಒಂದು ವೆಬ್‌ಸೈಟ್ ಇರಬೇಕು, ಅದು ಅಂಗವಿಕಲರೂ ಬಳಸುವ ಹಾಗಿರಬೇಕು, ಅದಕ್ಕೆ ಪುರಾವೆಯೂ ಇರಬೇಕು.

"ದುಡ್ಡು ಮಾತ್ರ ಕೇಳ್ಬೇಡಿ ಮಂಜುಳಾ ಅವರೇ," ಅಂದರು. "ಎಲ್ಲಾ ಫ್ರೀನಲ್ಲಿ ಆಗುತ್ತಂತೆ. ತುಮಕೂರಲ್ಲಿ ಒಂದು ದಿನದ ಟ್ರೈನಿಂಗ್ ಇದೆ, ಹೋಗ್ಬನ್ನಿ."

ಹೋದೆ. ಗ್ರಂಥಪಾಲಕರಿಗೆ ಉಪಯೋಗವಾಗುವ ಉಚಿತ ಡಿಜಿಟಲ್ ಸಾಧನಗಳು ಎಂಬುದೇ ತರಬೇತಿಯ ವಿಷಯ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಗರಗರ ಎನ್ನುವ ಫ್ಯಾನು. ಪಾಠ ಮಾಡಿದ ಹುಡುಗಿ ಚುರುಕಾಗಿದ್ದಳು. ಪುಸ್ತಕಪಟ್ಟಿ ಇಡುವ ತಂತ್ರಾಂಶ, ಫೋನಿನಲ್ಲೇ ಪುಟ ಸ್ಕ್ಯಾನ್ ಮಾಡುವ ಆ್ಯಪ್, ಚಿತ್ರದೊಳಗಿನ ಅಕ್ಷರವನ್ನು ಗುರುತಿಸಿ ಪಠ್ಯ ಮಾಡಿಕೊಡುವುದು, ಸದಸ್ಯತ್ವದ ಫಾರಂ ಮಾಡುವುದು, ಪುಕ್ಕಟೆಯಾಗಿ ವೆಬ್‌ಸೈಟ್ ಕಟ್ಟುವುದು ಹೀಗೆ ಒಂದೊಂದನ್ನೂ ತೋರಿಸಿದಳು. ಕೊನೆಗೆ ತೋರಿಸಿದ್ದು ವೆಬ್‌ಪುಟ ಪರೀಕ್ಷಿಸುವ ಸಾಧನ. ಕಣ್ಣು ಕಾಣದವರು ಫೋನಿನ ಪರದೆಯಲ್ಲಿ ಇರುವುದನ್ನು ಗಟ್ಟಿಯಾಗಿ ಓದಿಸಿಕೊಂಡು ಕೇಳುತ್ತಾರೆ, ಅದಕ್ಕೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ನಮ್ಮ ಪುಟದ ವಿಳಾಸ ಕೊಟ್ಟರೆ, ಅಂಥವರಿಗೆ ಎಲ್ಲೆಲ್ಲಿ ತೊಡಕಾಗುತ್ತದೆ ಎಂದು ಈ ಸಾಧನ ಕೆಂಪು ಗುರುತು ಹಾಕಿ ತೋರಿಸುತ್ತದೆ. ನಾನು ಹತ್ತೊಂಬತ್ತು ಅಂಶ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸುತ್ತ ಕೂತವರು ಟೀ ಯಾವಾಗ ಎಂದು ನೋಡುತ್ತಿದ್ದರು. ನನಗೆ ಟೀ ಬೇಕೆಂದೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ, ಹಾಗಾಗಿ ಬರೆಯುತ್ತಿದ್ದೆ.

ವೆಬ್‌ಸೈಟ್ ಕಟ್ಟಿದೆ. ಅದರಲ್ಲಿ ಜನಕ್ಕೆ ಬೇಕಾಗಿದ್ದದ್ದು ಒಂದೇ ಸಾಮಾನು. ನಮ್ಮ ಕಾಲೇಜಿನ ಒಬ್ಬ ಮೇಷ್ಟ್ರು ನಿವೃತ್ತರಾಗುವ ಮುಂಚೆ ಸರ್ಕಾರಿ ಕೆಲಸದ ಪರೀಕ್ಷೆ ಬರೆಯುವವರಿಗೆಂದು ಇಪ್ಪತ್ತೆರಡು ಪಾಠಗಳ ನೋಟ್ಸ್ ಕನ್ನಡದಲ್ಲಿ ಟೈಪು ಮಾಡಿಟ್ಟಿದ್ದರು. ಇತಿಹಾಸ, ಸಂವಿಧಾನ, ಭೂಗೋಳ, ಪಂಚಾಯಿತಿ ಎಲ್ಲ ಇತ್ತು. ಒಳ್ಳೆಯ ನೋಟ್ಸ್. ತಾಲ್ಲೂಕಿನಲ್ಲಿ ಅದರ ಜೆರಾಕ್ಸ್ ಇಲ್ಲದ ಮನೆ ಕಡಿಮೆ. ಇಪ್ಪತ್ತೆರಡನ್ನೂ ಸೈಟಿಗೆ ಹಾಕಿದೆ. ಅಕ್ಷರ ಕೆಡದಂತೆ, ಅವರು ಟೈಪು ಮಾಡಿದ್ದ ಹಳೆಯ ಫಾಂಟನ್ನೇ ಸೈಟಿಗೂ ಜೋಡಿಸಿದೆ. ಅಚ್ಚಾದ ಪುಸ್ತಕದಷ್ಟು ಚೆಂದ ಕಾಣುತ್ತಿತ್ತು.

ಆಮೇಲೆ ಪರೀಕ್ಷಿಸುವ ಸಾಧನಕ್ಕೆ ಕೊಟ್ಟೆ. ನಲವತ್ಮೂರು ಕೆಂಪು ಗುರುತು ಬಂತು. ಒಂದೊಂದಾಗಿ ತೆಗೆಯುತ್ತಾ ಹೋದೆ. ತಲೆಬರಹ ಕ್ರಮದಲ್ಲಿಲ್ಲ ಅಂತು, ಕ್ರಮದಲ್ಲಿಟ್ಟೆ. ಬೂದು ಅಕ್ಷರ ಮಂಕಾಗಿದೆ ಅಂತು, ಕಪ್ಪು ಮಾಡಿದೆ. ಪುಟ ಯಾವ ಭಾಷೆಯದೆಂದು ಹೇಳಿಲ್ಲ ಅಂತು, ಕನ್ನಡ ಎಂದು ಸೇರಿಸಿದೆ. ಪ್ರಿನ್ಸಿಪಾಲರ ಫೋಟೋಗೆ ವಿವರಣೆ ಇಲ್ಲ ಅಂತು. ಪ್ರಿನ್ಸಿಪಾಲರ ಫೋಟೋ ಎಂದು ಬರೆದೆ, ಅದಕ್ಕೂ ಸಮಾಧಾನವಾಯಿತು. ನಲವತ್ಮೂರು ಮೂವತ್ತಾಯಿತು, ಹದಿನಾಲ್ಕಾಯಿತು, ನಾಲ್ಕಾಯಿತು. ಆ ವರ್ಷ ನನಗೆ ಸಂತೋಷ ಅನ್ನಬಹುದಾದದ್ದು ಏನಾದರೂ ಆಗಿದ್ದರೆ ಅದು ಆ ಎರಡು ವಾರ. ಯಾರೂ ಧೈರ್ಯ ಹೇಳುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಸಾಧನ ತೋರಿಸುತ್ತಿತ್ತು, ನಾನು ತಿದ್ದುತ್ತಿದ್ದೆ, ಅದು ಸುಮ್ಮನಾಗುತ್ತಿತ್ತು. ಮೇ ತಿಂಗಳ ಕೊನೆಗೆ ದೋಷ ಸೊನ್ನೆ ಎಂದು ತೋರಿಸಿತು. ಪ್ರಿಂಟ್ ತೆಗೆದು ಪ್ರಿನ್ಸಿಪಾಲರಿಗೆ ಕೊಟ್ಟೆ. ಅವರು ಅದನ್ನು ಲ್ಯಾಮಿನೇಟ್ ಮಾಡಿಸಿ ಗ್ರಂಥಾಲಯದ ಬಾಗಿಲಿಗೆ ಹಾಕಿಸಿದರು.

ಜೂನ್ ಮೊದಲ ವಾರ ಒಂದು ಫೋನ್ ಬಂತು. ಹೆಂಗಸಿನ ದನಿ.

"ಮೇಡಂ, ನಾನು ಪುಷ್ಪಲತಾ ಅಂತ, ಹುಲಿಯೂರುದುರ್ಗದಿಂದ. ನಿಮ್ಮ ಕಾಲೇಜಿನ ಹಳೇ ಸ್ಟೂಡೆಂಟು. ನಂಗೆ ಈಗ ಕಣ್ಣು ಕಾಣಲ್ಲ. ನೋಟ್ಸು ಸೈಟಿಗೆ ಹಾಕಿದೀರ, ಕಣ್ಣಿಲ್ದೋರಿಗೂ ಆಗುತ್ತೆ ಅಂತ ಯಾರೋ ಹೇಳಿದ್ರು. ಓದಿಸಿದ್ರೆ ಏನೇನೋ ಹೇಳುತ್ತಲ್ಲ ಮೇಡಂ."

"ಸೈಟು ಸರಿಯಾಗಿದೆ. ಚೆಕ್ ಮಾಡಿದೀವಿ, ದೋಷ ಸೊನ್ನೆ ಬಂದಿದೆ," ಅಂದೆ.

"ಹಂಗಾದ್ರೆ ನನ್ನ ಫೋನಲ್ಲೇ ಏನಾದ್ರೂ ಇರ್ಬೋದಾ?"

"ಇರ್ಬೋದು. ಅಂಗಡೀಲಿ ಒಂದ್ಸಲ ತೋರ್ಸಿ."

"ಆಗ್ಲಿ ಮೇಡಂ. ತೊಂದ್ರೆ ಕೊಟ್ಟೆ," ಎಂದು ಅವಳು ಫೋನಿಟ್ಟಳು. ಎರಡು ನಿಮಿಷದ ಮಾತು. ನಾನು ಮತ್ತೆ ಪುಸ್ತಕಗಳ ನಂಬರ್ ನೋಡತೊಡಗಿದೆ.

ಜುಲೈಯಲ್ಲಿ ಮಳೆ ಅಂಥದ್ದೇನೂ ಬರಲಿಲ್ಲ. ಬಸ್ಸಿನ ಕಿಟಕಿಯ ಆಚೆ ಹೊಲಗಳಲ್ಲಿ ರಾಗಿ ಬಿತ್ತನೆಗೆ ಕಾಯುತ್ತಿದ್ದರು. ದಿನವೂ ಮೋಡ ಕಟ್ಟುತ್ತಿತ್ತು, ಹೋಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಪುಷ್ಪಲತಾ ತನ್ನ ಅಕ್ಕನ ಕೈ ಹಿಡಿದು ಗ್ರಂಥಾಲಯದ ಮೆಟ್ಟಿಲು ಹತ್ತಿ ಬಂದಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳಿರಬಹುದು. ತಲೆಗೂದಲು ನನಗಿಂತ ಹೆಚ್ಚು ಬೆಳ್ಳಗಾಗಿತ್ತು. ಅಕ್ಕನ ಕೈ ಬಿಟ್ಟು ಕಿಟಕಿಯ ಕಡೆಗೆ ನಾಲ್ಕು ಹೆಜ್ಜೆ ಸರಿಯಾಗಿ ನಡೆದು, ಬೆಂಚು ಮುಟ್ಟಿ ನೋಡಿ ಕೂತಳು.

"ಇಲ್ಲೇ ಕೂತ್ಕೋತಿದ್ದೆ," ಅಂದಳು. "ಡಿಗ್ರಿ ಮುಗಿಯೋವರೆಗೂ ಅಷ್ಟೋ ಇಷ್ಟೋ ಕಾಣ್ತಿತ್ತು."

ಅವಳು ಅಕ್ಕನ ಮನೆಯಲ್ಲಿದ್ದಳು. ಅಕ್ಕನದು ಹುಲಿಯೂರುದುರ್ಗದಲ್ಲಿ ಚಿಲ್ಲರೆ ಅಂಗಡಿ. ಅಕ್ಟೋಬರಿನಲ್ಲಿ ಗುಮಾಸ್ತೆ ಹುದ್ದೆಗೆ ಪರೀಕ್ಷೆ ಇತ್ತು. ಕಣ್ಣಿಲ್ಲದವರಿಗೆ ಕೊಡುವ ವಯಸ್ಸಿನ ರಿಯಾಯಿತಿ ಸೇರಿಸಿಕೊಂಡರೂ ಅವಳಿಗೆ ಅದೇ ಕೊನೆಯ ಸಲ. ಅಕ್ಕ ನೀರು ಕುಡಿಯಲು ಹೊರಗೆ ಹೋದಾಗ ತಗ್ಗಿದ ದನಿಯಲ್ಲಿ ಹೇಳಿದಳು. "ಅಕ್ಕನ ಮನೇಲಿ ಯಾರೂ ಏನೂ ಅನ್ನಲ್ಲ ಮೇಡಂ. ಅನ್ನದೆ ಇರ್ತಾರಲ್ಲ, ಅದೇ ಕಷ್ಟ. ಒಂದು ಕೆಲ್ಸ ಅಂತಾದ್ರೆ ಒಂದು ರೂಮು ಮಾಡ್ಕೋತೀನಿ. ಅಷ್ಟೇ ಬೇಕಾಗಿರೋದು."

ಅಕ್ಕ ವಾಪಸು ಬಂದ ಮೇಲೆ ಫೋನನ್ನು ಮೇಜಿನ ಮೇಲಿಟ್ಟು, ನಮ್ಮ ಸೈಟು ತೆರೆದು, ಮೊದಲ ಪಾಠದ ಮೇಲೆ ಬೆರಳಿಟ್ಟಳು. ಫೋನು ಓದತೊಡಗಿತು. ಡಬ್ಲ್ಯೂ, ಪರ್ಸೆಂಟ್, ಎ, ಬ್ರಾಕೆಟ್, ಡಾಲರ್, ಝಡ್ ಎಂದು ಒಂದೇ ಸಮನೆ, ಉಸಿರು ತೆಗೆದುಕೊಳ್ಳದೆ.

"ಇದ್ಯಾವ್ ಬಾಸೆ ತಾಯಿ?" ಎಂದು ಕೆಂಪಯ್ಯ ನಕ್ಕ. ನಾವು ಯಾರೂ ನಗದ್ದನ್ನು ಕಂಡು ಅವನೂ ಸುಮ್ಮನಾದ.

ಹಳೆಯ ಫಾಂಟುಗಳ ಸಂಗತಿ ಕನ್ನಡದಲ್ಲಿ ಟೈಪು ಮಾಡಿದ ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರಿನ ಲೆಕ್ಕದಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಅವುಗಳಿಗೆ ಕನ್ನಡದ ಆಕಾರ ತೊಡಿಸಿರುತ್ತಾರೆ ಅಷ್ಟೆ. ಸ್ಕ್ರೀನ್ ರೀಡರ್ ಆಕಾರ ನೋಡುವುದಿಲ್ಲ, ಒಳಗಿದ್ದದ್ದನ್ನು ಓದುತ್ತದೆ. ಪರೀಕ್ಷಿಸುವ ಸಾಧನಕ್ಕೆ ಪುಟದಲ್ಲಿ ಅಕ್ಷರಗಳಿದ್ದರೆ ಸಾಕು, ಅವುಗಳಿಗೆ ಅರ್ಥವಿದೆಯೇ ಎಂದು ಅದು ಕೇಳುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಇದೇ ಕಾರಣಕ್ಕೆ ನಮ್ಮ ಪುಸ್ತಕಪಟ್ಟಿಯನ್ನು ಐದು ವರ್ಷದ ಹಿಂದೆ ನಾನೇ, ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡಿಗೆ ಬದಲಾಯಿಸಿದ್ದೆ. ನೋಟ್‌ಬುಕ್ ತೆಗೆದು ನೋಡಿದೆ. ಹತ್ತೊಂಬತ್ತನೆಯ ಸಾಲಿನಲ್ಲಿ ನನ್ನದೇ ಕೈಬರಹ ಇತ್ತು: ಸಾಧನ ಎಲ್ಲವನ್ನೂ ಹಿಡಿಯುವುದಿಲ್ಲ, ಕೊನೆಗೆ ಸ್ಕ್ರೀನ್ ರೀಡರ್ ಹಾಕಿ ನೀವೇ ಕೇಳಿ. ಬರೆದುಕೊಂಡದ್ದು ನಿಜ. ಕೇಳಿರಲಿಲ್ಲ.

"ಅಂದ್ರೆ ಫೋನ್ ಸರಿಯಾಗೇ ಇತ್ತಾ?" ಎಂದಳು ಪುಷ್ಪಲತಾ.

"ಸರಿಯಾಗೇ ಇತ್ತು. ತಪ್ಪು ಸೈಟಿಂದು. ನನ್ನದು."

ಅವಳು ಫೋನನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮಾತಾಡಿದ್ದು ಅಕ್ಕ. "ನೀವು ತೋರ್ಸಿ ಅಂದ್ರಲ್ಲ ಅಂತ ಇಲ್ಲೇ ಕುಣಿಗಲ್ಲಲ್ಲಿ ಅಂಗಡಿಗೆ ಕೊಟ್ವಿ ಮೇಡಂ. ಅವ್ನು ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬಿಟ್ಟ. ನಾನು ಎರಡು ವರ್ಷದಿಂದ ಮಧ್ಯಾಹ್ನ ಗಿರಾಕಿ ಇಲ್ದಾಗ ಪರೀಕ್ಷೆ ಗೈಡುಗಳನ್ನ ಇವಳಿಗೆ ಓದಿ ಓದಿ ರೆಕಾರ್ಡ್ ಮಾಡ್ಕೊಟ್ಟಿದ್ದೆ. ಅದೆಲ್ಲಾ ಹೋಯ್ತು."

ಆಗ ನನಗೆ ಏನನ್ನಿಸಬೇಕಿತ್ತು ಎಂದು ಈಗ ಗೊತ್ತು. ಆಗ ಅದು ಅನ್ನಿಸಲಿಲ್ಲ. ಹತ್ತಿರದಲ್ಲೇ ಯಾರಿಗೋ ಪೆಟ್ಟಾಗಿದೆ, ಪೆಟ್ಟು ಕೊಟ್ಟವಳು ನಾನು ಎಂದು ಬುದ್ಧಿಗೆ ತಿಳಿಯಿತು, ಅಷ್ಟೆ. "ಪಾಠಗಳನ್ನ ಸರಿಮಾಡಿ ಕೊಡ್ತೀನಿ. ಯಾವುದು ಮೊದಲು ಬೇಕು?" ಎಂದು ಕೇಳಿದೆ. ಪುಷ್ಪಲತಾ ಸಂವಿಧಾನ ಅಂದಳು.

ಹಳೆಯ ಫಾಂಟಿನದನ್ನು ಯೂನಿಕೋಡಿಗೆ ಬದಲಾಯಿಸುವ ಉಚಿತ ಸಾಧನವೂ ಇದೆ. ಒತ್ತಿದರೆ ಒಂದು ಕ್ಷಣದಲ್ಲಿ ಬದಲಾಗುತ್ತದೆ. ಆದರೆ ಮೇಷ್ಟ್ರ ನೋಟ್ಸಿನಲ್ಲಿ ನಡುನಡುವೆ ಇಂಗ್ಲಿಷ್ ಇತ್ತು, ಅಂಕಿಗಳಿದ್ದವು, ಕೋಷ್ಟಕಗಳಿದ್ದವು. ಸಾಧನ ಇಂಗ್ಲಿಷ್ ಪದವನ್ನೂ ಕನ್ನಡವೆಂದು ತಿಳಿದು ಕಲಸಿಹಾಕುತ್ತಿತ್ತು. ಒತ್ತಕ್ಷರಗಳು ಜಾಗ ತಪ್ಪುತ್ತಿದ್ದವು. ವಿಧಿಗಳ ಸಂಖ್ಯೆಯೇ ಕೆಟ್ಟರೆ ಸಂವಿಧಾನದ ಪಾಠದಲ್ಲಿ ಉಳಿಯುವುದೇನು? ಹಾಗಾಗಿ ಸಾಲುಸಾಲಾಗಿ ಮೂಲಕ್ಕೆ ಹೋಲಿಸಿ ತಿದ್ದಬೇಕಿತ್ತು. ಒಂದು ಪಾಠಕ್ಕೆ ನಾಲ್ಕು ದಿನ, ಕೆಲವಕ್ಕೆ ಐದು ದಿನ ಹಿಡಿಯಿತು. ಕಾಲೇಜು ಶುರುವಾಗಿ ಹುಡುಗರ ಕಾಟ ಬೇರೆ. ಮಾಡಿದ್ದನ್ನು ಅವತ್ತವತ್ತೇ ಸೈಟಿಗೆ ಹಾಕಿ ಪುಷ್ಪಲತಾಗೆ ಫೋನ್ ಮಾಡುತ್ತಿದ್ದೆ. ಅವಳು ಕೇಳಿ, ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದಳು. ಕಣ್ಣಿದ್ದ ನಾನು ದಾಟಿಹೋದ ತಪ್ಪುಗಳು ಅವಳ ಕಿವಿಗೆ ಸಿಗುತ್ತಿದ್ದವು.

ಹೀಗೆ ಮಾಡಿದರೆ ಪರೀಕ್ಷೆಯ ಹೊತ್ತಿಗೆ ಮುಗಿಯುವುದಿಲ್ಲ ಎಂದು ಸೆಪ್ಟೆಂಬರಿನಲ್ಲಿ ಲೆಕ್ಕ ಸಿಕ್ಕಿತು. ಮುಂದಿನ ಕೆಲವು ಪಾಠಗಳನ್ನು ನಾನೇ ಓದಿ ರೆಕಾರ್ಡ್ ಮಾಡಿ ಕಳಿಸತೊಡಗಿದೆ. ಸಂಜೆ ನಾಲ್ಕರ ಮೇಲೆ ಓದುವ ಕೊಠಡಿ ಖಾಲಿಯಾದಾಗ ಕೂತು ಓದುತ್ತಿದ್ದೆ. ಒಂದೊಂದು ಪಾಠಕ್ಕೆ ಮೂರ್ನಾಲ್ಕು ಸಂಜೆ ಬೇಕಾಗುತ್ತಿತ್ತು. ಕೆಂಪಯ್ಯ ಬಾಗಿಲಲ್ಲಿ ನಿಂತು ಯಾರೂ ಒಳಗೆ ಬರದಂತೆ ಕಾಯುತ್ತಿದ್ದ. "ಮೇಡಮ್ಮಾರು ಓದ್ತಾವ್ರೆ, ಆಮ್ಯಾಕ್ ಬನ್ನಿ" ಎಂದು ಅವನು ಹೇಳಿದ್ದೂ ಎರಡು ರೆಕಾರ್ಡಿಂಗಿನಲ್ಲಿ ಸೇರಿಕೊಂಡಿತು.

"ಹೆಂಗಿದೆ?" ಎಂದು ಒಂದು ದಿನ ಕೇಳಿದೆ.

"ಚೆನ್ನಾಗಿದೆ ಮೇಡಂ. ನಮ್ಮಕ್ಕ ಓದಿದ್ರೆ ಅಯ್ಯೋ ಅನ್ನೋ ಕಡೆ ಅಯ್ಯೋ ಅಂತಾಳೆ, ಸಿಟ್ಟು ಬರೋ ಕಡೆ ಸಿಟ್ಟು ಮಾಡ್ಕೋತಾಳೆ. ನಿಮ್ಮ ದನೀಲಿ ಅಂಥದ್ದೇನಿಲ್ಲ. ಮೆಷಿನ್ ಥರಾನೇ ಓದ್ತೀರ. ಡಬಲ್ ಸ್ಪೀಡಲ್ಲಿ ಹಾಕ್ಕೊಂಡ್ರೂ ಅರ್ಥ ಆಗುತ್ತೆ."

ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು. ನಾನೂ ಹಾಗೇ ತೆಗೆದುಕೊಂಡೆ.

ಎಷ್ಟು ಮಾಡಿದರೂ ಆರು ಪಾಠ ಉಳಿದವು. ಅಕ್ಟೋಬರಿನ ಒಂದು ಭಾನುವಾರ ತುಮಕೂರಿನಲ್ಲಿ ಪರೀಕ್ಷೆ. ಮನೆಗೆ ಹತ್ತಿರವೇ ಇದ್ದದ್ದರಿಂದ ಹೋಗಿದ್ದೆ. ಪುಷ್ಪಲತಾ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, ಉತ್ತರ ಬರೆದುಕೊಡುವ ಹುಡುಗಿಯ ತೋಳು ಹಿಡಿದು ಒಳಗೆ ಹೋದಳು. ಅಕ್ಕ ನಾನು ಇಬ್ಬರೂ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತೆವು. ಅಕ್ಕ ಚಿತ್ರಾನ್ನ ತಂದಿದ್ದಳು, ನನಗೂ ಕೊಟ್ಟಳು. ಒಂದು ತಿಂಗಳಿನಿಂದ ಅವಳೂ ನನ್ನ ಮೇಲೆ ಸಿಟ್ಟು ತೋರಿಸುವುದನ್ನು ಬಿಟ್ಟಿದ್ದಳು. ಎರಡು ಗಂಟೆಯಾದ ಮೇಲೆ ಪುಷ್ಪಲತಾ ಹೊರಗೆ ಬಂದು, "ಸುಮಾರಾಗಿ ಬರ್ದಿದೀನಿ, ನೋಡಣ" ಅಂದಳು. ಮೂವರೂ ಬಸ್ ನಿಲ್ದಾಣದವರೆಗೆ ಆಟೋದಲ್ಲಿ ಹೋದೆವು.

ಡಿಸೆಂಬರಿಗೆ ಸಮಿತಿ ಬಂತು. ಅಷ್ಟರಲ್ಲಿ ಇಪ್ಪತ್ತೆರಡು ಪಾಠಗಳೂ ಯೂನಿಕೋಡಿಗೆ ಬಂದಿದ್ದವು. ಸಮಿತಿಯವರು ಬಾಗಿಲಿನ ಲ್ಯಾಮಿನೇಟ್ ಹಾಳೆ ನೋಡಿದರು, ಫೋಟೋ ತೆಗೆದುಕೊಂಡರು. ಸೈಟನ್ನು ಯಾರೂ ಓದಿಸಿ ಕೇಳಲಿಲ್ಲ. ಆ ಹಾಳೆ ಮೇ ತಿಂಗಳಿನದು, ಆಗ ಸೈಟು ಕಣ್ಣಿಲ್ಲದವರ ಪಾಲಿಗೆ ಬರೀ ಕಸವಾಗಿತ್ತು ಎಂದು ಪ್ರಿನ್ಸಿಪಾಲರಿಗೆ ಮೊದಲೇ ಹೇಳಿದ್ದೆ. "ಈಗ ಸರಿ ಇದೆಯಲ್ಲ, ಬಿಡಿ" ಅಂದಿದ್ದರು. ಅವರೇ ಎಲ್ಲಿಗೋ ಬರೆದು, ಹೊಸ ವರ್ಷದಲ್ಲಿ ತುಮಕೂರಿನಲ್ಲಿ ನಡೆದ ಒಂದು ಸಭೆಯಲ್ಲಿ ನನಗೆ ಸನ್ಮಾನ ಮಾಡಿಸಿದರು. ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಹಣ್ಣು. ವೇದಿಕೆಯ ಮೇಲೆ ನನ್ನ ಬಗ್ಗೆ ಏನೇನೋ ಹೇಳಿದರು. ಯಜಮಾನರು ಹೋಗಿ ಆ ವಾರಕ್ಕೆ ಸರಿಯಾಗಿ ಒಂದು ವರ್ಷವಾಗಿತ್ತು. ಬೇಡ ಅನ್ನುವಷ್ಟು ಶಕ್ತಿಯೂ ಇರಲಿಲ್ಲ, ಹೋಗಿ ತೆಗೆದುಕೊಂಡೆ.

ಸಭೆಯಿಂದ ಹೊರಗೆ ಬಂದು ಫೋನ್ ನೋಡಿದರೆ ಪುಷ್ಪಲತಾಳ ಎರಡು ಕರೆ ಇದ್ದವು. ಬಸ್ ನಿಲ್ದಾಣದ ಒಂದು ಬೆಂಚಿನ ಮೇಲೆ ಕೂತು ವಾಪಸು ಮಾಡಿದೆ. ಅವರೆಕಾಯಿಯ ಕಾಲ, ಪಕ್ಕದಲ್ಲೇ ಮೂಟೆ ಇಳಿಸುತ್ತಿದ್ದರು.

"ರಿಸಲ್ಟ್ ಬಂತು ಮೇಡಂ. ನನ್ನ ನಂಬರಿಲ್ಲ."

"ಎಷ್ಟರಲ್ಲಿ ಹೋಯ್ತು?"

"ನಾಲ್ಕು ಮಾರ್ಕು." ಅವಳು ಬೇರೆ ಯಾವುದೋ ಊರಿನ ಸುದ್ದಿ ಹೇಳುವಂತೆ ಹೇಳಿದಳು. "ಪಂಚಾಯ್ತಿದು ಬಾಳ ಕೇಳಿದ್ರು. ಅದು ನಮಗೆ ಮಾಡಕ್ಕಾಗಿರ್ಲಿಲ್ಲವಲ್ಲ."

ಉಳಿದ ಆರು ಪಾಠಗಳಲ್ಲಿ ಎರಡು ಪಂಚಾಯಿತಿಯವೇ.

"ಒಂದು ಕೇಳ್ಲಾ ಮೇಡಂ? ಜೂನಲ್ಲಿ ನಾನು ಫೋನ್ ಮಾಡ್ದಾಗ ನೀವೊಂದ್ಸಲ ಓದಿಸಿ ಕೇಳ್ಬೋದಿತ್ತಲ್ವಾ? ಎರಡು ನಿಮಿಷ ಆಗ್ತಿತ್ತು ಅಷ್ಟೇ."

"ಕೇಳ್ಬೋದಿತ್ತು."

"ಮತ್ಯಾಕೆ ಕೇಳ್ಲಿಲ್ಲ?"

ಇಷ್ಟು ತಿಂಗಳು ದಿನಾ ಮಾತಾಡಿದರೂ ನಾನು ಅವಳಿಗೆ ಈ ವಿಷಯ ಹೇಳಿರಲಿಲ್ಲ. ಹೇಳಿದೆ. "ಹೋದ ಜನವರೀಲಿ ನಮ್ಮ ಯಜಮಾನ್ರು ತೀರ್ಕೊಂಡ್ರು. ಆಮೇಲೆ ಯಾವುದೂ ತಲೆಗೆ ಹೋಗ್ತಿರ್ಲಿಲ್ಲ ಪುಷ್ಪಲತಾ. ಯಾರು ಏನು ಕೇಳಿದ್ರೂ ಸರಿಯಾಗಿದೆ ಅನ್ನೋದೊಂದೇ ಬಾಯಿಗೆ ಬರ್ತಿತ್ತು."

ಆ ಕಡೆ ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದರು. ಅವಳು ಅವರಿಗೆ ಸ್ವಲ್ಪ ನಿಲ್ಲಿ ಅಂದಳು.

"ಗೊತ್ತಿರ್ಲಿಲ್ಲ ಮೇಡಂ. ಪಾಪ, ಇದನ್ನ ಆವತ್ತೇ ಹೇಳಿದ್ರೆ ಆಗ್ತಿತ್ತು," ಅಂದಳು. "ನಾನು ಬೇರೆ ಯಾರನ್ನಾದ್ರೂ ಕೇಳ್ಕೋತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಅಂದೆ. ಒಂದು ವರ್ಷದಿಂದ ನನಗೆ ಯಾವುದೂ ನೋಯುತ್ತಿರಲಿಲ್ಲ, ಆ ಮಾತು ನೋಯಿತು.